ಬಿಸಿಲಿರುವ ಊರುಗಳು

ತಲಕಾಡು, ಶ್ರೀರಂಗಪಟ್ಟಣ, ಹೊತ್ತಿದ್ದರೆ ಬರುವಾಗ ಬೆಟ್ಟದ ನಂದಿ. ಮೂರೂ ಬಯಲು, ಮೂರೂ ಬಿಸಿಲು. ಊಟದ ಮೇಜಿನ ಮೇಲೆ ಹರವಿದ ಜಿಲ್ಲೆಯ ನಕಾಶೆಯಲ್ಲಿ ಷಡಕ್ಷರಿ ಬಲಗೈಯ ತೋರುಬೆರಳನ್ನು ಕಾವೇರಿಯ ಗುಂಟ ಓಡಿಸುತ್ತಿದ್ದರು. ಎಡಗೈಯನ್ನು ತೊಡೆಯಡಿ ಇಟ್ಟು ಅದರ ಮೇಲೇ ಕೂತಿದ್ದರು. ಹಾಗೆ ಕೂತರೆ ಅದು ಸುಮ್ಮನಿರುತ್ತದೆ. ಸುಮ್ಮನಿರದಿದ್ದರೂ ಯಾರಿಗೂ ಕಾಣುವುದಿಲ್ಲ. ಎದುರಿಗೆ ಕೂತಿದ್ದ ಸೊಸೆ ಶಿಲ್ಪಶ್ರೀ ಇಡ್ಲಿಯ ಕೊನೆಯ ಚೂರಿನಿಂದ ತಟ್ಟೆಯ ಚಟ್ನಿ ಬಳಿಯುತ್ತ, ನಕಾಶೆಯನ್ನು ತಲೆಕೆಳಗಾಗಿ ಓದುತ್ತಿದ್ದಳು.

"ಸೋಮನಾಥಪುರ ಯಾಕಿಲ್ಲ ಮಾವ?" ಎಂದಳು.

"ಅದನ್ನ ಎಷ್ಟು ಸಲ ತೆಗೆದಾಗಿದೆ ಕಣಮ್ಮ."

"ನೀವು ತೆಗೆದಿದೀರಿ, ನಾನು ನೋಡೇ ಇಲ್ವಲ್ಲ. ನಮ್ಮ ಹಾಲ್‌ನಲ್ಲಿ ಹಾಕಿದೀರಲ್ಲ ಆ ಛಾವಣಿ ಫೋಟೋ, ಅದರ ಕೆಳಗೆ ನಿಂತ್ಕೊಂಡು ಮೇಲೆ ನೋಡ್ಬೇಕು ಅಂತ ಆಸೆ."

"ಈಗ ಒಳಗಡೆ ಫೋಟೋ ತೆಗೆಯೋಕೆ ಬಿಡಲ್ವಂತೆ," ಎಂದರು ಷಡಕ್ಷರಿ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಯಾರೋ ತಮಗೆ ನಿಜವಾಗಿಯೂ ಹೇಳಿದ್ದರೇನೋ ಎಂದು ಒಂದು ಗಳಿಗೆ ಅವರಿಗೇ ಅನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪಾರ್ವತಮ್ಮ ಅವರ ಮುಖವನ್ನು ನೋಡಿ, ಏನೋ ಒಲೆಯ ಮೇಲಿದೆ ಎನ್ನುವವಳಂತೆ ಒಳಗೆ ಹೋದಳು.

ತೊಂಬತ್ತೊಂಬತ್ತನೇ ಇಸವಿಯ ದಸರಾಕ್ಕೆ ಇನ್ನು ಕೆಲವೇ ವಾರ. ಊರಿನ ಹವ್ಯಾಸಿ ಛಾಯಾಗ್ರಾಹಕರೆಲ್ಲ ಸೇರಿ ಒಂದು ಪ್ರದರ್ಶನ ಮಾಡುವುದೆಂದು, ಅದಕ್ಕೆ 'ಒಂದು ದಿನದ ದಾರಿ' ಎಂದು ಹೆಸರಿಡುವುದೆಂದು ತೀರ್ಮಾನವಾಗಿತ್ತು. ಮೈಸೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗಬಹುದಾದ ಹಳೆಯ ಜಾಗಗಳು. ಒಬ್ಬೊಬ್ಬರದು ಒಂದೊಂದು ಚಿತ್ರ. "ನಿಮ್ಮದೇನು ಕೇಳೋದು ಬಿಡಿ ಸಾರ್, ಗರ್ಭಗುಡಿ ಕತ್ತಲೇಲಿ ಬರಿಗೈಲಿ ತೆಗೆಯೋರು ನೀವೊಬ್ಬರೇ," ಎಂದು ಬಳಗದ ಕಾರ್ಯದರ್ಶಿ ಸುದರ್ಶನ ಎಲ್ಲರೆದುರು ಹೇಳಿದಾಗ ಷಡಕ್ಷರಿ ನಕ್ಕಿದ್ದರು, ನಗುತ್ತ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ್ದರು. ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತ ಸವೆಸಿದ ಆಯುಸ್ಸು. ರೂಲರ್ ಇಲ್ಲದೆ ಎಳೆದ ಗೆರೆಯೂ ನೆಟ್ಟಗೆ ಬರುತ್ತಿತ್ತು. ಕಚೇರಿಯ ಜವಾನರಿಂದ ಹಿಡಿದು ಇಂಜಿನಿಯರರವರೆಗೆ ಎಲ್ಲರಿಗೂ ಷಡಕ್ಷರಿ ಎಂದರೆ ಆ ಕೈ. ನಿವೃತ್ತಿಯ ದಿನ ಹಾರ ಹಾಕುವಾಗಲೂ ಹೊಗಳಿದ್ದು ಕೈಯನ್ನೇ. ಆ ಕೈಗಳಲ್ಲಿ ಎಡಗೈ ಈಗ ಬೇರೆ ಯಾರದೋ ಆಗುತ್ತಿತ್ತು. ಮೊದಲು ಗೊತ್ತಾದದ್ದು ಪೂಜೆಯ ಹೊತ್ತಿನಲ್ಲಿ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ದೃಷ್ಟಿ ನೆಟ್ಟು ಕೂತಿದ್ದಾಗ ಲಿಂಗದ ಮೇಲಿನ ದೀಪದ ಬಿಂಬ ಅಲುಗಿತು. ದೀಪ ಗಾಳಿಗೆ ಅಲುಗಿರಬೇಕು ಎಂದುಕೊಂಡು ಎದ್ದು ಕಿಟಕಿ ಮುಚ್ಚಿ ಬಂದರು. ದೀಪ ನೆಟ್ಟಗೆ ಉರಿಯುತ್ತಿತ್ತು. ಬಿಂಬ ಮಾತ್ರ ಅಲುಗುತ್ತಲೇ ಇತ್ತು. ಅವತ್ತಿನಿಂದ ಮೊಣಕೈಯನ್ನು ಮಂಡಿಗೆ ಊರಿಕೊಂಡು ಪೂಜೆ ಮಾಡುತ್ತಿದ್ದರು. ದೇವರೆದುರೂ ಮರೆಮಾಚುತ್ತಿದ್ದೇನಲ್ಲ ಎಂಬ ಅಳುಕು ಪ್ರತಿ ಬೆಳಿಗ್ಗೆಯೂ ವಿಭೂತಿಯ ಜೊತೆಗೇ ಹಣೆಗೇರುತ್ತಿತ್ತು.

ಆದ್ದರಿಂದ ಬಿಸಿಲು ಬೇಕಿತ್ತು. ಬಿಸಿಲಿದ್ದರೆ ಕ್ಯಾಮೆರಾದ ಕಣ್ಣು ರೆಪ್ಪೆ ಬಡಿಯುವುದರೊಳಗೆ ತೆರೆದು ಮುಚ್ಚುತ್ತದೆ, ಅಷ್ಟು ಸಣ್ಣ ಗಳಿಗೆಯಲ್ಲಿ ನಡುಗುವುದಕ್ಕೆ ಕೈಗೂ ಪುರುಸೊತ್ತಿರುವುದಿಲ್ಲ. ಗುಡಿಯೊಳಗಿನ ಕತ್ತಲಿನ ನವರಂಗದಲ್ಲಿ ಹಾಗಲ್ಲ. ಅಲ್ಲಿ ಕಣ್ಣನ್ನು ತೆರೆದಿಟ್ಟು ಕಾಯಬೇಕು, ಕಾಯುವಷ್ಟು ಹೊತ್ತೂ ಕೈ ಕಲ್ಲಾಗಿರಬೇಕು. ಒಂದು ಕಾಲಕ್ಕೆ ಹಾಗೆ ಕಾಯುವುದೇ ಅವರಿಗೆ ಸುಖವಾಗಿತ್ತು. ಈಗ ಊರುಗಳನ್ನು ಶಿಲ್ಪದ ಚೆಲುವು ನೋಡಿ ಆರಿಸುತ್ತಿರಲಿಲ್ಲ. ಎಲ್ಲಿ ಸಿಕ್ಕಿಬೀಳುವುದಿಲ್ಲವೋ ಅಂಥ ಊರುಗಳನ್ನು ಆರಿಸುತ್ತಿದ್ದರು.

ಮಗ ಗುರುಕಿರಣ್‌ಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಭಾನುವಾರವೂ ಪಾಳಿ ಬಿದ್ದಿತ್ತು. ಕಾರು ಓಡಿಸಿದ್ದು ಶಿಲ್ಪಶ್ರೀ. ತಿಪಟೂರಿನ ತವರಿನಲ್ಲಿ ಅಣ್ಣನ ಜೀಪಿನಲ್ಲಿ ಕಲಿತ ಹುಡುಗಿ. ಕುಂಬಾರಕೊಪ್ಪಲಿನ ಇಕ್ಕಟ್ಟು ರಸ್ತೆಯಿಂದ ಮಾರುತಿಯನ್ನು ಹಿಮ್ಮುಖವಾಗಿ ಎಷ್ಟು ನಾಜೂಕಾಗಿ ತೆಗೆದಳೆಂದರೆ, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮಂಗಳಮ್ಮ ಬಕೆಟ್ಟನ್ನು ಪಕ್ಕಕ್ಕಿಡುವ ಗೋಜಿಗೂ ಹೋಗಲಿಲ್ಲ. ಷಡಕ್ಷರಿ ಅವಳ ಕೈಗಳನ್ನು ನೋಡುತ್ತಿದ್ದರು. ಗೇರಿನ ಮೇಲಿನ ಎಡಗೈ, ಚಕ್ರದ ಮೇಲಿನ ಬಲಗೈ. ಅವು ಇವೆಯೆಂಬುದನ್ನೇ ಅವಳು ಮರೆತಿದ್ದಳು. ಕೈ ಇದೆಯೆಂಬುದನ್ನು ಮರೆಯುವುದೇ ಆರೋಗ್ಯ ಎಂದು ಅನ್ನಿಸಿ, ಸೊಸೆಯ ಕೈಗಳ ಮೇಲೆ ಅಸೂಯೆಪಡುತ್ತಿರುವ ತಮ್ಮ ಬಗ್ಗೆ ನಾಚಿಕೆಯಾಗಿ ಕಿಟಕಿಯಾಚೆಗೆ ತಿರುಗಿದರು.

ತಲಕಾಡಿನಲ್ಲಿ ಮರಳು ಆಗಲೇ ಕಾದಿತ್ತು. ಮರಳಿನ ಗುಂಡಿಯೊಳಗೆ ಇಳಿದು ಕೂತ ಗುಡಿ, ಗೋಪುರದ ತುದಿಗೆ ಬಿದ್ದ ಬಿಸಿಲು, ನೀಲಗಿರಿ ಮರಗಳ ನೆರಳು. ಷಡಕ್ಷರಿ ಒಂದರ ಹಿಂದೊಂದು ತೆಗೆದರು. ಎಲ್ಲವೂ ಚೆನ್ನಾಗಿಯೇ ಬರುತ್ತವೆ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಚಿತ್ರದ ಕಾರ್ಡುಗಳಷ್ಟು ಚೆನ್ನಾಗಿ. ಶಿಲ್ಪಶ್ರೀ ಅವರು ನಿಂತ ಜಾಗದಲ್ಲೇ ಆಮೇಲೆ ತಾನೂ ಹೋಗಿ ನಿಂತು, ಅವರು ನೋಡಿದ ಕಡೆಗೇ ನೋಡುತ್ತಿದ್ದಳು. "ನೀವು ನಿಂತ ಜಾಗಕ್ಕೆ ಬಂದ್ರೆ ಗುಡಿನೇ ಬೇರೆ ಥರ ಕಾಣುತ್ತೆ ಮಾವ. ಎರಡು ಹೆಜ್ಜೆ ಆಚೆ ಹೋದ್ರೆ ಏನೂ ಇಲ್ಲ," ಎಂದಳು. ಮೆಚ್ಚುಗೆ ನಿಜವಾದದ್ದು, ಅದಕ್ಕೇ ಅದು ಮುಳ್ಳಿನಂತೆ ಚುಚ್ಚಿತು. ಹೊಸ ರೀಲು ಹಾಕುವ ಸಮಯ ಬಂದಾಗ ಅವರು "ನೀನು ಆ ಕಡೆ ಹೋಗಿ ಹೊಳೆ ನೋಡ್ಕೊಂಡು ಬಾ" ಎಂದು ಅವಳನ್ನು ಕಳಿಸಿ, ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. ಫಿಲಮಿನ ನಾಲಿಗೆ ಕ್ಯಾಮೆರಾದೊಳಗಿನ ಸೀಳಿಗೆ ಹೋಗಲಿಲ್ಲ. ಮತ್ತೆ ಇಟ್ಟರು, ಜಾರಿತು. ಬೆವರು ಕಣ್ಣಿಗಿಳಿಯಿತು. ಒಬ್ಬ ಕಳ್ಳ ಯಾರದೋ ಪೆಟ್ಟಿಗೆಯ ಬೀಗ ಮೀಟುವುದಕ್ಕೆ ಕೂತ ಹಾಗೆ, ತಾವು ಸ್ವಂತ ಕ್ಯಾಮೆರಾದ ಎದುರು ಕೂತಿರುವುದು ಅವರಿಗೇ ದೂರದಿಂದ ಕಂಡಂತಾಯಿತು. ಕೊನೆಗೆ ಹೇಗೋ ಕಚ್ಚಿಕೊಂಡಿತು. ತಲೆಯೆತ್ತಿದಾಗ ಶಿಲ್ಪಶ್ರೀ ದೂರದಲ್ಲಿ, ಹೊಳೆಗೆ ಬೆನ್ನು ಹಾಕಿ, ಚಪ್ಪಲಿಯೊಳಗಿನ ಮರಳು ಕೊಡವುತ್ತಿದ್ದಳು. ಎಷ್ಟು ಹೊತ್ತಿನಿಂದ ಕೊಡವುತ್ತಿದ್ದಳೋ.

ತಿರುಮಕೂಡಲಿನ ಸರ್ಕಲ್ಲಿನಲ್ಲಿ ಅವಳು ಎಡಕ್ಕೆ, ಮೈಸೂರಿನ ಕಡೆಗೆ, ತಿರುಗಿಸಲಿಲ್ಲ.

"ಶ್ರೀರಂಗಪಟ್ಟಣಕ್ಕೆ ಇತ್ತಲಿಂದ ಅಲ್ಲ," ಎಂದರು ಷಡಕ್ಷರಿ.

"ಸೋಮನಾಥಪುರ ಇಲ್ಲೇ ಇದೆ ಮಾವ, ಬೋರ್ಡ್ ಹಾಕವ್ರೆ ನೋಡಿ. ಒಳಗಡೆ ಬಿಡದಿದ್ರೆ ಬೇಡ, ಹೊರಗಿಂದ ಸುತ್ತಿ ಬಂದ್ಬುಡೋಣ."

ಬೇಡ ಎನ್ನಬಹುದಿತ್ತು. ಮನೆಯಲ್ಲಿ ಅವರು ಬೇಡ ಎಂದದ್ದು ಯಾವತ್ತೂ ನಡೆದಿರಲಿಲ್ಲ. ಆದರೆ ಬೇಡ ಎನ್ನುವುದಕ್ಕೆ ಇನ್ನೊಂದು ಸುಳ್ಳು ಬೇಕಿತ್ತು, ಅದು ನಾಲಿಗೆಗೆ ಬರಲಿಲ್ಲ. ಗದ್ದೆಗಳ ನಡುವಿನ ರಸ್ತೆಯಲ್ಲಿ ಭತ್ತದ ಹಸಿರು ಕಾರಿನ ಎರಡೂ ಕಡೆಯಿಂದ ಒಳಕ್ಕೆ ನುಗ್ಗುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು.

ಗೇಟಿನಲ್ಲಿ ಕಾವಲಿನ ಮಂಟಯ್ಯ ದೂರದಿಂದಲೇ ಗುರುತು ಹಿಡಿದ. "ಏನ್ ಸಾಮಿ, ಬಾಳ ದಿನ ಆಯ್ತು ಈ ಕಡೆ ಬಂದು. ಮಗಳಾ?"

"ಸೊಸೆ."

"ಬನ್ನಿ ತಾಯಿ. ನಿಮ್ಮ ಮಾವನೋರು ಒಳಗೋದ್ರೆ ನಾವು ಊಟ ಮಾಡ್ಕೊಂಡು ಬಂದ್ರೂ ಈಚೆಗೆ ಬರಾಕಿಲ್ಲ."

"ಒಳಗಡೆ ಫೋಟೋ ತೆಗೀಬಹುದಾ?" ಎಂದು ಕೇಳಿದಳು ಶಿಲ್ಪಶ್ರೀ, ತೀರ ಸಹಜವಾಗಿ.

"ಅಯ್ಯೋ ತೆಗೀರಿ. ಫ್ಲಾಶ್ ಆಕ್ಬೇಡಿ, ಸ್ಟ್ಯಾಂಡ್ ಇಡ್ಬೇಡಿ. ಅದು ಮೊದ್ಲಿಂದ್ಲೂ ಅಂಗೇ ಅಲ್ವಾ ಸಾಮಿ?"

ಷಡಕ್ಷರಿ ಟಿಕೆಟ್ಟಿಗೆ ದುಡ್ಡು ತೆಗೆಯುವ ನೆಪದಲ್ಲಿ ಜೇಬು ತಡಕಿದರು. ಕಿವಿ ಬಿಸಿಯಾಯಿತು. ಸೊಸೆ ತಮ್ಮ ಮುಖ ನೋಡುತ್ತಾಳೆಂದು ಕಾದರು, ಅವಳು ನೋಡಲಿಲ್ಲ. ನೋಡದೆ ಇದ್ದದ್ದು ಇನ್ನೂ ದೊಡ್ಡ ಅವಮಾನವಾಗಿ, ಜೊತೆಗೇ ಒಂದು ಬಗೆಯ ಕೃಪೆಯಾಗಿ ಅವರ ಮೇಲೆ ಬಿತ್ತು.

ದ್ವಾರಮಂಟಪ ದಾಟಿದೊಡನೆ ಶಿಲ್ಪಶ್ರೀ ನಿಂತುಬಿಟ್ಟಳು. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಮಡಿಚಿಕೊಂಡ ಎತ್ತರದ ಕಲ್ಲುಕಟ್ಟೆಯ ಜಗತಿ, ಮೂರು ಶಿಖರ, ಗೋಡೆಯ ಬುಡದಲ್ಲಿ ಸಾಲುಗಟ್ಟಿ ಹೊರಟ ಆನೆ ಕುದುರೆ. ಅವಳ ಪಕ್ಕದಲ್ಲಿ ನಿಂತ ಷಡಕ್ಷರಿಗೆ ಎಷ್ಟೋ ವರ್ಷಗಳ ನಂತರ ಈ ಗುಡಿ ಮೊದಲ ಸಲ ಕಂಡಂತೆ ಕಂಡಿತು. ಯಾವ ಕೋನ, ಯಾವ ಬೆಳಕು ಎಂದು ಲೆಕ್ಕ ಹಾಕದೆ ಅವರು ಇದನ್ನು ನೋಡಿದ್ದು ಯಾವಾಗ? ಆನೆಯೊಂದರ ಸೊಂಡಿಲ ಮಡಿಕೆಯನ್ನು ಕೂಡ ಬಿಡದೆ ಕಡೆದಿದ್ದಾರೆ. ಕಡೆದವನ ಕೈಗೂ ವಯಸ್ಸಾಗಿರಬೇಕು, ಅವನೂ ಒಂದು ದಿನ ಉಳಿಯನ್ನು ಬೇರೆಯವನ ಕೈಗೆ ಕೊಟ್ಟಿರಬೇಕು. ಎಲ್ಲಿ ಒಬ್ಬನ ಕೈ ನಿಂತು ಇನ್ನೊಬ್ಬನ ಕೈ ಶುರುವಾಯಿತು ಎಂಬುದು ಮಾತ್ರ ಕಲ್ಲಿನಲ್ಲಿ ಎಲ್ಲೂ ಗೊತ್ತಾಗುವುದಿಲ್ಲ.

ನವರಂಗದೊಳಗೆ ತಂಪು, ಬಾವಲಿಯ ಮಣ್ಣುವಾಸನೆ, ಕಡೆದ ಕಂಬಗಳ ನುಣುಪಿನ ಮೇಲೆ ಬಾಗಿಲಿಂದ ಬಂದ ಬೆಳಕಿನ ಗೆರೆಗಳು. ತಲೆಯೆತ್ತಿದರೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಆ ಕತ್ತಲಿಂದ ಒಂದೊಂದೇ ಸುತ್ತು ಬಿಡಿಸಿಕೊಂಡು ಛಾವಣಿಯಲ್ಲಿ ಕಡೆದ ಬಾಳೆಯ ಮೊಗ್ಗು ಕೆಳಕ್ಕೆ ಇಳಿಯುತ್ತದೆ. ಒಂದು ಅಂಕಣದ ಛಾವಣಿಯಂತೆ ಇನ್ನೊಂದಿಲ್ಲ. "ಇಷ್ಟು ಎತ್ತರದಲ್ಲಿ, ಇಷ್ಟು ಕತ್ತಲಲ್ಲಿ, ಯಾರು ನೋಡ್ತಾರೆ ಅಂತ ಮಾಡಿದ್ರು ಮಾವ?" ಎಂದು ಶಿಲ್ಪಶ್ರೀ ಪಿಸುಗುಟ್ಟಿದಳು. ಉತ್ತರ ಗೊತ್ತಿದ್ದಿದ್ದರೆ ಅವರು ಇಷ್ಟು ವರ್ಷ ಇಲ್ಲಿಗೆ ಬರುತ್ತಿರಲಿಲ್ಲ.

ತೆಗೆಯಲೇಬೇಕೆನ್ನಿಸಿತು. ಪ್ರದರ್ಶನಕ್ಕಲ್ಲ. ಬಿಟ್ಟು ಹೋದರೆ ಇನ್ನು ಯಾವತ್ತೂ ಇಲ್ಲ ಎಂದು ಒಳಗೆ ಯಾರೋ ಹೇಳಿದ ಹಾಗೆ. ಕಂಬಕ್ಕೆ ಬೆನ್ನು ಕೊಟ್ಟು, ಮೊಣಕೈಗಳನ್ನು ಪಕ್ಕೆಗೆ ಬಿಗಿದು, ಉಸಿರು ಹಿಡಿದು ಕ್ಯಾಮೆರಾ ಎತ್ತಿದರು. ಲೆನ್ಸಿನ ಕೆಳಗೆ ಎಡಗೈ. ಕ್ಯಾಮೆರಾದ ಕಿಂಡಿಯಲ್ಲಿ ಬಾಳೆಮೊಗ್ಗು ತೂಗಾಡಿತು. ಕಲ್ಲಿನ ಮೊಗ್ಗು, ಏಳುನೂರು ವರ್ಷ ಅಲುಗದೆ ನಿಂತದ್ದು, ಗಾಳಿಗೆ ಸಿಕ್ಕ ಹಾಗೆ ತೂಗಿತು. ಇಳಿಸಿದರು. ಮತ್ತೆ ಎತ್ತಿದರು. ಹಲ್ಲು ಕಚ್ಚಿದಷ್ಟೂ ನಡುಕ ಹೆಚ್ಚಾಯಿತು. ಬಾಗಿಲ ಬಳಿ ಒಂದು ಸಂಸಾರ ಬಂದು ನಿಂತಿತ್ತು. ಆ ಗಂಡಸು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ತಮ್ಮ ಬಗ್ಗೆಯೇ ಎಂದು ಷಡಕ್ಷರಿಗೆ ಖಾತರಿಯಾಯಿತು.

"ಮಾವ," ಎಂದಳು ಶಿಲ್ಪಶ್ರೀ, "ಇಲ್ಲಿ ಇಟ್ಕೊಳ್ಳಿ."

ಅವಳು ಅವರಿಗೆ ಬೆನ್ನು ಮಾಡಿ, ಸೆರಗನ್ನು ಸರಿಯಾಗಿ ಎಳೆದುಕೊಂಡು ಬಲಭುಜವನ್ನು ತೋರಿಸಿ, ಎದುರಿನ ಕಂಬಕ್ಕೆ ಎರಡೂ ಅಂಗೈ ಊರಿ ಹಣೆ ಆನಿಸಿ ನಿಂತಳು. ಷಡಕ್ಷರಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಹೆಜ್ಜೆ ಹಿಂದಕ್ಕೆ ಹೋಯಿತು. ಮದುವೆಯ ದಿನ ಅಕ್ಷತೆ ಹಾಕುವಾಗ ತಲೆ ಮುಟ್ಟಿದ್ದು ಬಿಟ್ಟರೆ ಅವಳನ್ನು ಅವರು ಮುಟ್ಟಿದ್ದಿಲ್ಲ. ಮನೆಯಲ್ಲಿ ಪೇಪರು ಬೇಕಾದರೂ ಮೇಜಿನ ಮೇಲಿಟ್ಟು ಹೋಗುತ್ತಾಳೆ, ಅವರು ತೆಗೆದುಕೊಳ್ಳುತ್ತಾರೆ. ಬಾಗಿಲಲ್ಲಿ ಆ ಸಂಸಾರ ನೋಡುತ್ತಿದೆ. ಮಂಟಯ್ಯ ಇಣುಕಿದರೆ? ಇದೆಲ್ಲ ಅವರ ತಲೆಯಲ್ಲಿ ಹಾಯುವಷ್ಟು ಹೊತ್ತೂ ಅವಳು ಕಂಬದಷ್ಟೇ ಸುಮ್ಮನೆ ನಿಂತಿದ್ದಳು.

ಅವರು ಮಂಡಿ ಮಡಿಸಿ ತಗ್ಗಿದರು. ಕ್ಯಾಮೆರಾವನ್ನು ಭುಜದ ಮೇಲಿಟ್ಟು, ಮೂತಿಯನ್ನು ಮೇಲಕ್ಕೆ ಮಾಡಿ, ಎಡಗೈಯಿಂದ ಒತ್ತಿಹಿಡಿದರು. ನಡುಕ ಕ್ಯಾಮೆರಾದೊಳಗೆ ಇಳಿದು ಅಲ್ಲಿಂದ ಅವಳ ಮೂಳೆಗೆ ಇಳಿಯಿತು. ಈಗ ಅವಳಿಗೆ ಗೊತ್ತು. ಡಾಕ್ಟರಿಗೂ ಹೇಳದ್ದು, ಹೆಂಡತಿಗೂ ಹೇಳದ್ದು, ಮಾತೇ ಇಲ್ಲದೆ ಈ ಹುಡುಗಿಯ ಭುಜಕ್ಕೆ ಹೇಳಿದ್ದಾಗಿತ್ತು. ಅವಳು ಒಂದಿಷ್ಟೂ ಮಿಸುಕಲಿಲ್ಲ. ಒಂದು ದೀರ್ಘ ಉಸಿರು ಎಳೆದುಕೊಂಡು ಅಲ್ಲೇ ಹಿಡಿದಳು. ಭುಜ ಗಟ್ಟಿಯಾಯಿತು. ನಡುಕ ಅದಕ್ಕೆ ತಾಗಿ ತಾಗಿ ಸಣ್ಣದಾಗಿ, ಯಾವುದೋ ಒಂದು ಗಳಿಗೆಯಲ್ಲಿ ನಿಂತೇಹೋಯಿತು. ಕಿಂಡಿಯೊಳಗೆ ಬಾಳೆಮೊಗ್ಗು ತನ್ನ ಜಾಗಕ್ಕೆ ಬಂದು ಕೂತಿತು. ಅವರು ಒತ್ತಿದರು. ಕಣ್ಣು ತೆರೆಯಿತು, ಕಾಯಿತು, ಮುಚ್ಚಿತು.

"ಉಸಿರು ಬಿಡ್ಲಾ ಮಾವ?" ಎಂದಳು ಕಂಬಕ್ಕೆ ಮುಖವಿಟ್ಟೇ.

"ಬಿಡಮ್ಮ, ಬಿಡು," ಎಂದರು. ಅವರಿಗೆ ನಗು ಬಂತು. "ಇನ್ನೊಂದು ತೆಗೀಲಾ?"

"ಎಷ್ಟು ಬೇಕಾದ್ರೂ ತೆಗೀರಿ."

ಹೊರಗೆ ಬಂದು ಪ್ರಾಕಾರದ ಸಾಲುಗೂಡುಗಳ ನೆರಳಲ್ಲಿ ಕೂತರು. ಶಿಲ್ಪಶ್ರೀ ಬುತ್ತಿ ಬಿಚ್ಚಿ ಚಿತ್ರಾನ್ನ ಬಡಿಸಿದಳು. ಕ್ಯಾಮೆರಾ ಇಬ್ಬರ ನಡುವೆ ಕಲ್ಲಿನ ಮೇಲಿತ್ತು. ಎಡಗೈ ತೊಡೆಯ ಮೇಲಿತ್ತು, ತನ್ನ ಪಾಡಿಗೆ ನಡುಗುತ್ತ. ಅದನ್ನು ಅಡಗಿಸಿಡುವುದು ಅವರಿಗೆ ಮರೆತುಹೋಗಿತ್ತು.

"ನಿಮ್ಮತ್ತೆಗೆ ಹೇಳ್ಬೇಡ ಕಣಮ್ಮ. ನಾನೇ ಸಮಯ ನೋಡ್ಕೊಂಡು ಹೇಳ್ತೀನಿ."

ಶಿಲ್ಪಶ್ರೀ ತುತ್ತು ನುಂಗಿ, ನೀರು ಕುಡಿದಳು. "ಅತ್ತೆಗೆ ಗೊತ್ತು ಮಾವ. ಯುಗಾದಿಯಿಂದ್ಲೇ ಗೊತ್ತು."

"ಏನು ಗೊತ್ತು?"

"ನೀವು ಎರಡೂ ಕೈಲಿ ಹಿಡ್ಕೊಳ್ಳೋ ಲೋಟಕ್ಕೆ ಅರ್ಧ ಕಾಫಿ ಹಾಕ್ಕೊಟ್ಟು, ನೀವು ಕುಡಿದ ಮೇಲೆ ಇನ್ನರ್ಧ ತಂದು ಬಗ್ಗಿಸ್ತಾರಲ್ಲ, ಮತ್ತೆ ಯಾಕೆ ಅಂದ್ಕೊಂಡ್ರಿ? ಇವತ್ತು ನಿಮ್ಮ ಜೊತೆ ಹೋಗು ಅಂದಿದ್ದೂ ಅವರೇ. ಒಬ್ಬರನ್ನೇ ಬಿಡ್ಬೇಡ ಅಂದ್ರು. ನಿಮ್ಮ ಮಗನಿಗೆ ಇನ್ನೂ ಗೊತ್ತಿಲ್ಲ. ಗುರುವಿಗೆ ಹೇಳ್ಬೇಡ, ನಿಮ್ಮಾವನೇ ಹೇಳ್ಲಿ ಅಂದವ್ರೆ."

ಷಡಕ್ಷರಿ ಎದ್ದು ನಡೆದುಬಿಟ್ಟರು. ಗೂಡಿನಿಂದ ಗೂಡಿಗೆ, ಕಂಬದಿಂದ ಕಂಬಕ್ಕೆ, ಯಾರ ಮೇಲೆಂದು ತಿಳಿಯದ ಸಿಟ್ಟಿನಲ್ಲಿ. ಹಾಗಾದರೆ ಇಷ್ಟು ತಿಂಗಳು ತಾವು ಯಾರೂ ನೋಡದ ನಾಟಕವಾಡುತ್ತಿದ್ದರೆ? ನೋಡುವವರೆಲ್ಲ ನೋಡಿ, ಕಣ್ಣು ತಿರುಗಿಸಿ, ತಮ್ಮ ಮರ್ಯಾದೆಯನ್ನು ತಮಗೇ ಎತ್ತಿಟ್ಟು ಕಾಯುತ್ತಿದ್ದರೆ? ಅರ್ಧ ಕಾಫಿ. ಅದಕ್ಕೆ ಅವರು ರೇಗಿದ್ದರು. ಒಂದೇ ಸಲ ಕೊಡೋಕೆ ನಿನಗೇನು ಕಷ್ಟ, ವಯಸ್ಸಾಗ್ತಾ ನಿನಗೆ ಜ್ಞಾಪಕಾನೇ ಹೋಯ್ತು ಎಂದು, ಬಂದಿದ್ದ ನೆಂಟರ ಎದುರಿಗೇ. ಪಾರ್ವತಿ ಲೋಟ ತೆಗೆದುಕೊಂಡು ಹೋಗಿ ತುಂಬಿಸಿ ತಂದಿದ್ದಳು. ತುಂಬಾ ಬಿಸಿಯಿದೆ, ಮೇಜಿನ ಮೇಲೇ ಇಡ್ತೀನಿ ಎಂದಿದ್ದಳು. ಆ ಮಾತನ್ನೂ ಅವತ್ತು ಅವರು ಮಾಮೂಲಿ ಮಾತೆಂದುಕೊಂಡಿದ್ದರು. ಕಲ್ಲಿನಲ್ಲಿ ಇಷ್ಟು ಸೂಕ್ಷ್ಮವನ್ನು ಕಾಣುವ ಕಣ್ಣು, ಉಗುರಿನಷ್ಟು ಕೆತ್ತನೆಗೆ ಸರಿಯಾದ ಬೆಳಕಿಗಾಗಿ ಮೂರು ತಾಸು ಕಾಯುವ ಕಣ್ಣು, ಮನೆಯಲ್ಲಿ ದಿನಕ್ಕೆರಡು ಬಾರಿ ಎದುರಿಗೇ ನಡೆದದ್ದನ್ನು ಕಂಡಿರಲಿಲ್ಲ. ಒಂದು ಸುತ್ತು ಮುಗಿದು ಹೊರಟ ಜಾಗಕ್ಕೇ ಬಂದಿದ್ದರು. ಶಿಲ್ಪಶ್ರೀ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕಾಯುತ್ತಿದ್ದಳು.

"ನಾನು ಹೇಳ್ಬಾರ್ದಿತ್ತೇನೋ," ಎಂದಳು.

"ಇಲ್ಲ ಕಣಮ್ಮ. ಊಟ ಮಾಡೋಣ." ಕೂತು, ಅನ್ನ ಕಲಸುತ್ತ, ಅವರು ಗುಡಿಯನ್ನು ತೋರಿಸಿದರು. "ಆ ಮೂಲೆ ನೋಡು. ಬಿಸಿಲು ಇನ್ನೊಂದು ಸ್ವಲ್ಪ ವಾಲಲಿ, ಆ ಆನೆಗಳು ನಡೆಯೋಕೆ ಶುರು ಮಾಡ್ತವೆ." ಬಿಸಿಲು ವಾಲುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ. ಶ್ರೀರಂಗಪಟ್ಟಣದ ಮಾತು ಯಾರೂ ಎತ್ತಲಿಲ್ಲ.

ಮನೆಗೆ ಬಂದಾಗ ಪಾರ್ವತಮ್ಮ ಜಗಲಿಯ ಮೇಲೆ ಪೇಪರು ಹಾಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಶಿಲ್ಪಶ್ರೀ ಬ್ಯಾಗುಗಳನ್ನೆತ್ತಿಕೊಂಡು ಒಳಗೆ ಹೋದಳು. ಷಡಕ್ಷರಿ ಚಪ್ಪಲಿ ಬಿಟ್ಟು ಹೆಂಡತಿಯ ಪಕ್ಕದಲ್ಲಿ ಕೂತರು. ಬೀದಿಗೆ ಕಾಣುವ ಹಾಗೆ ಇಬ್ಬರೂ ಒಟ್ಟಿಗೆ ಕೂತು ಎಷ್ಟೋ ಕಾಲವಾಗಿತ್ತು. ಸೊಪ್ಪಿನ ರಾಶಿಯಿಂದ ಒಂದು ಕಡ್ಡಿಯನ್ನು ಎಡಗೈಯಲ್ಲಿ ಎತ್ತಿಕೊಂಡರು. ಎಲೆಗಳು ಅದುರಿದವು. ಪಾರ್ವತಮ್ಮ ಕೆಲಸ ನಿಲ್ಲಿಸಿ ಆ ಎಲೆಗಳನ್ನೇ ನೋಡಿದಳು, ಆಮೇಲೆ ಅವರನ್ನು.

"ನಿನ್ನ ಮೇಲೆ ಸುಮ್ಮನೆ ರೇಗಿಬಿಟ್ಟಿದ್ದೆ," ಎಂದರು. "ಆ ಕಾಫಿಗೆ."

"ನೀವು ರೇಗದೆ ಇದ್ದಿದ್ದು ಯಾವಾಗ ಹೇಳಿ," ಎಂದಳು ಪಾರ್ವತಮ್ಮ. ದನಿಯಲ್ಲಿ ನಗುವಿತ್ತು, ಕಣ್ಣಂಚು ಒದ್ದೆಯಾಗಿತ್ತು. ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಳ್ಳಲಿಲ್ಲ. ಅವರು ಒಂದೊಂದೇ ಎಲೆ ಬಿಡಿಸುವವರೆಗೂ ಕಾದಳು. "ನಾಳೆ ಡಾಕ್ಟರ ಹತ್ರ ಹೋಗೋಣ. ಗುರು ಬಂದ ಮೇಲೆ ನೀವೇ ಅವನಿಗೆ ಹೇಳಿ."

"ಹೂಂ." ರಾಶಿಯಿಂದ ಇನ್ನೊಂದು ಕಡ್ಡಿ ಎತ್ತಿಕೊಂಡರು. "ಬರೋ ಭಾನುವಾರ ನೀನೂ ಬಾ ನಮ್ಮ ಜೊತೆ. ಶಿಲ್ಪಾ ಕಾರು ಓಡಿಸ್ತಾಳೆ."

"ಎಲ್ಲಿಗೆ?"

ಬಾಯಿಗೆ ಬಂದ ಊರಿನ ಹೆಸರನ್ನು ಷಡಕ್ಷರಿ ನುಂಗಿಕೊಂಡರು. "ನೀನೇ ಹೇಳು."

ಯೋಚಿಸುತ್ತಾಳೆ, ನನಗೇನು ಗೊತ್ತು ನೀವೇ ಹೇಳಿ ಎನ್ನುತ್ತಾಳೆ ಎಂದುಕೊಂಡಿದ್ದರು. ಪಾರ್ವತಮ್ಮ ಯೋಚಿಸಲೇ ಇಲ್ಲ.

"ವರುಣ," ಎಂದಳು. "ಅಲ್ಲಿ ಮಹಾಲಿಂಗೇಶ್ವರನ ಗುಡಿ ಗೋಡೆ ಸುತ್ತ ಸಣ್ಣ ಸಣ್ಣದಾಗಿ ರಾಮಾಯಣ ಕಡೆದವ್ರಂತೆ. ಮದುವೆಯಾದ ಹೊಸದ್ರಲ್ಲಿ ತಲಕಾಡಿಗೆ ಅಂತ ಬಸ್ಸಲ್ಲಿ ಕರ್ಕೊಂಡು ಹೋಗ್ತಿದ್ರಲ್ಲ ನನ್ನ. ವರುಣದಲ್ಲಿ ಬಸ್ಸು ನಿಂತಾಗೆಲ್ಲ ನಾನು ಬ್ಯಾಗು ಎತ್ತಿ ಮಡಿಲಲ್ಲಿ ಇಟ್ಕೋತಿದ್ದೆ, ಇವತ್ತಾದ್ರೂ ಇಳೀತೀರೇನೋ ಅಂತ."